ಮಗಳು ರಸಾಯನಶಾಸ್ತ್ರವನ್ನು ಓದುತ್ತೇನೆನ್ನುತ್ತಾಳೆ

ಕೆಲವು ವಾರಗಳ ಹಿಂದೆ ಒಂದು ಸಂಜೆ ದೀಪ ಹಚ್ಚಿ ಪಡಸಾಲೆಯಲ್ಲಿ ಕುಳಿತಿದ್ದಾಗ ನಮ್ಮ ಬೀದಿಯ ಗೃಹಸ್ಥರೊಬ್ಬರು ತಮ್ಮ ಮಗಳನ್ನು ಕರೆದುಕೊಂಡು ಬಂದರು. ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವ ಸಜ್ಜನರು, ಮಿತಭಾಷಿಗಳು, ಸಾಲದ ಗೋಜಿಗೆ ಹೋಗದೆ ಸಂಸಾರವನ್ನು ತೂಗಿಸಿಕೊಂಡು ಬಂದವರು. ಅಂದು ಮಾತ್ರ ಅವರ ಮುಖದಲ್ಲಿ ಕಳವಳವಿದ್ದಿತು. ಹುಡುಗಿ ದ್ವಿತೀಯ ಪಿ.ಯು.ಸಿ. ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳೊಡನೆ ತೇರ್ಗಡೆಯಾಗಿದ್ದಳು. ಅದು ಸಂತೋಷದ ವಿಷಯವೇ ಅಲ್ಲವೆ ಎಂದು ಕೇಳಿದೆನು.

"ಸಂತೋಷವೇ ಮೇಷ್ಟ್ರೇ. ಕಂಪ್ಯೂಟರ್ ಇಂಜಿನಿಯರಿಂಗಿಗೆ ಸೀಟು ಸಿಕ್ಕುವ ಹಾಗಿದೆ. ಇವಳು ನೋಡಿದರೆ ಬಿ.ಎಸ್ಸಿ. ಓದುತ್ತೇನೆ, ರಸಾಯನಶಾಸ್ತ್ರವನ್ನೇ ಹಿಡಿಯುತ್ತೇನೆ ಎಂದು ಹಟ ಮಾಡಿಕೊಂಡು ಕುಳಿತಿದ್ದಾಳೆ. ಔಷಧಿ ಅಂಗಡಿ ಇಡುವುದಕ್ಕೆ ಅಷ್ಟೊಂದು ಓದು ಯಾಕೆ? ನೀವಾದರೂ ನಾಲ್ಕು ಮಾತು ಹೇಳಿ" ಎಂದರು.

ನನಗೆ ನಗು ಬಂದಿತು. ಜೀವಮಾನವೆಲ್ಲ ಶಬ್ದರೂಪ, ಸಮಾಸ, ಸಂಧಿಗಳನ್ನು ಪಾಠ ಹೇಳಿದವನನ್ನು ರಸಾಯನಶಾಸ್ತ್ರದ ವ್ಯಾಜ್ಯಕ್ಕೆ ಪಂಚನನ್ನಾಗಿ ಮಾಡಿದರೆ ನಗದೆ ಇನ್ನೇನು ಮಾಡುವುದು? ಆದರೆ ಹುಡುಗಿಯ ಮುಖವನ್ನು ನೋಡಿದ ಮೇಲೆ ನಗು ನಿಂತಿತು. ಆಕೆ ನನ್ನ ಬಾಯಿಂದ ಬರುವ ಮಾತನ್ನು ತೀರ್ಪೆಂದು ತಿಳಿದು ಉಸಿರು ಬಿಗಿಹಿಡಿದು ನಿಂತಿದ್ದಳು. ಹದಿನೈದು ದಿನಗಳ ಅವಧಿಯನ್ನು ಬೇಡಿದೆನು. ನನ್ನ ಹಳೆಯ ಶಿಷ್ಯರಲ್ಲಿ ಕೆಲವರು ಈ ವಿದ್ಯೆಯಿಂದಲೇ ಜೀವನ ಸಾಗಿಸುತ್ತಿರುವರು. ಅವರನ್ನು ವಿಚಾರಿಸಿದೆನು, ದೊರೆತ ಪುಸ್ತಕಗಳನ್ನು ತಿರುವಿದೆನು. ಈ ಪ್ರಶ್ನೆ ಒಂದು ಮನೆಯದಲ್ಲ. ಪರೀಕ್ಷೆಯ ಫಲಿತಾಂಶಗಳು ಹೊರಬೀಳುವ ಕಾಲದಲ್ಲಿ ಊರೂರಿನ ಪಡಸಾಲೆಗಳಲ್ಲಿ ಇದೇ ಚರ್ಚೆ ನಡೆಯುತ್ತಿರುವುದು. ಆದಕಾರಣ ನನಗೆ ತಿಳಿದುಬಂದುದನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ಮೊದಲು ಆ ಅಂಗಡಿಯ ಮಾತು. ಪೇಟೆಯಲ್ಲಿ ಔಷಧ ಮಾರುವ ಅಂಗಡಿಗಳ ಮೇಲೆ 'ಕೆಮಿಸ್ಟ್' ಎಂಬ ಹಲಗೆ ತೂಗುತ್ತಿರುವುದರಿಂದ ಈ ಭ್ರಾಂತಿಯುಂಟಾಗಿದೆ. ವೈದ್ಯರ ಚೀಟಿಯನ್ನು ನೋಡಿ ಔಷಧವನ್ನು ಕೊಡುವವರು ಫಾರ್ಮಸಿ ಶಾಸ್ತ್ರವನ್ನು ಓದಿದವರು. ೧೯೪೮ರ ಫಾರ್ಮಸಿ ಕಾಯಿದೆಯ ಮೇರೆಗೆ ತಮ್ಮ ಹೆಸರನ್ನು ನೋಂದಾಯಿಸಿಕೊಂಡವರು. ಅದು ಗೌರವದ ಕಸುಬು. ಆದರೆ ಅದರ ದಾರಿ ಬೇರೆ, ಓದು ಬೇರೆ. ರಸಾಯನಶಾಸ್ತ್ರಜ್ಞನ ಕೆಲಸವೆಂದರೆ ಪದಾರ್ಥವು ಯಾವುದರಿಂದ ಆಗಿದೆ, ಎಷ್ಟು ಶುದ್ಧವಾಗಿದೆ, ಅದನ್ನು ಮತ್ತೊಂದಾಗಿ ಹೇಗೆ ಮಾರ್ಪಡಿಸಬಹುದು ಎಂಬುದನ್ನು ಕೈಯಾರೆ ಮಾಡಿ ಅರಿಯುವುದು. ಮಾತ್ರೆಯನ್ನು ಅಂಗಡಿಯಲ್ಲಿ ಮಾರುವವರು ಒಬ್ಬರು. ಆ ಮಾತ್ರೆಯೊಳಗೆ ಹೇಳಿದ ಔಷಧವು ಹೇಳಿದಷ್ಟೇ ಇದೆಯೆಂದು ನೋಡಿ ಸಹಿ ಹಾಕುವವರು ಇನ್ನೊಬ್ಬರು. ನಮ್ಮ ಹುಡುಗಿ ಅಪೇಕ್ಷಿಸಿದ್ದು ಎರಡನೆಯದನ್ನು.

'ರಸಾಯನ' ಎಂಬ ಶಬ್ದವು ನನ್ನ ಕ್ಷೇತ್ರಕ್ಕೆ ಸೇರಿದ್ದಾದುದರಿಂದ ಅದರ ಬಗ್ಗೆ ಎರಡು ಮಾತು ಹೇಳಲು ಅಪ್ಪಣೆಯಾಗಬೇಕು. ಆಯುರ್ವೇದದ ಎಂಟು ಅಂಗಗಳಲ್ಲಿ ರಸಾಯನವೂ ಒಂದು. ಮುಪ್ಪನ್ನೂ ರೋಗವನ್ನೂ ದೂರವಿಡುವ ಉಪಾಯವೆಂಬುದು ಅಲ್ಲಿಯ ಅರ್ಥ. ತರುವಾಯದ ರಸಶಾಸ್ತ್ರದಲ್ಲಿ ರಸವೆಂದರೆ ಪಾದರಸ. ಮೂಷೆ, ದೋಲಾಯಂತ್ರ, ತಿರ್ಯಕ್ಪಾತನಯಂತ್ರ ಎಂದು ಕರಗಿಸುವ, ಬೇಯಿಸುವ, ಬಟ್ಟಿಯಿಳಿಸುವ ಸಾಧನಗಳೆಲ್ಲವನ್ನೂ ಆ ಗ್ರಂಥಗಳು ಹೆಸರಿಟ್ಟು ವರ್ಣಿಸಿರುವುವು. ಆ ಶಾಸ್ತ್ರದಲ್ಲಿ ಚಿನ್ನ ಮಾಡುವ ಆಸೆಯೂ ಇದ್ದಿತು, ಅತ್ಯುಕ್ತಿಯೂ ಇದ್ದಿತು, ಅದನ್ನು ಮುಚ್ಚಿಡಬೇಕಾದುದಿಲ್ಲ. ಆದರೆ 'ರಸೇಂದ್ರಚಿಂತಾಮಣಿ'ಯ ಕರ್ತೃವು ಗ್ರಂಥಾರಂಭದಲ್ಲಿ ಒಂದು ಮಾತನ್ನು ಹೇಳಿಕೊಂಡಿದ್ದಾನೆ. ಪಂಡಿತರ ಬಾಯಿಂದ ತಾನು ಬಹಳವಾಗಿ ಕೇಳಿರುವುದುಂಟು, ಶಾಸ್ತ್ರಗಳಲ್ಲಿ ಕಂಡಿರುವುದೂ ಉಂಟು. ಆದರೆ ಸ್ವತಃ ಮಾಡಿ ನೋಡದೆ ಇರುವುದನ್ನು ತಾನು ಬರೆಯುವುದಿಲ್ಲ ಎಂಬುದು ಅದರ ತಾತ್ಪರ್ಯ. ಕಲ್ಕತ್ತೆಯ ಆಚಾರ್ಯ ಪ್ರಫುಲ್ಲಚಂದ್ರ ರಾಯರು ೧೯೦೨ರಲ್ಲಿ ಹಿಂದೂ ರಸಾಯನದ ಚರಿತ್ರೆಯ ಮೊದಲ ಸಂಪುಟವನ್ನು ಪ್ರಕಟಿಸಿ ಇಂತಹ ಗ್ರಂಥಗಳನ್ನು ಲೋಕಕ್ಕೆ ಪರಿಚಯ ಮಾಡಿಸಿದರು. ಹಳೆಯ ರಸವಾದವು ಹೋಯಿತು. ಆ ಒಂದು ಪ್ರತಿಜ್ಞೆ ಮಾತ್ರ ಇಂದಿನ ಪ್ರಯೋಗಶಾಲೆಯಲ್ಲಿಯೂ ಹಾಗೆಯೇ ನಿಂತಿದೆ.

ಇನ್ನು ಈ ವಿದ್ಯೆಯಿಂದ ಲೋಕಕ್ಕೇನು ಪ್ರಯೋಜನ, ಮನೆಗೇನು ಪ್ರಯೋಜನ ಎಂಬುದು ಗೃಹಸ್ಥರ ಪ್ರಶ್ನೆ. ಉತ್ತರಕ್ಕಾಗಿ ದೂರ ಹೋಗಬೇಕಾದುದಿಲ್ಲ. ನಮ್ಮ ಬಚ್ಚಲುಮನೆಯ ಸಾಬೂನಿನ ಪೆಟ್ಟಿಗೆಯನ್ನು ನೋಡಿದರೆ ಸಾಕು. ಹಿಂದೆ ಮೈಸೂರು ಸಂಸ್ಥಾನದ ಶ್ರೀಗಂಧದ ಮರವು ಹರಾಜಾಗಿ, ಬಹುಭಾಗ ಸಮುದ್ರ ದಾಟಿ, ಯೂರೋಪಿನಲ್ಲಿ, ಅದರಲ್ಲಿಯೂ ಜರ್ಮನಿಯಲ್ಲಿ ಎಣ್ಣೆಯಾಗುತ್ತಿದ್ದಿತು. ಮರ ನಮ್ಮದು, ಎಣ್ಣೆಯ ಲಾಭ ಅವರದು. ೧೯೧೪ರಲ್ಲಿ ಮಹಾಯುದ್ಧವು ಆರಂಭವಾಗಲು ಆ ವ್ಯಾಪಾರವು ನಿಂತುಹೋಗಿ ಗಂಧದ ಮರವು ಇಲ್ಲಿಯೇ ರಾಶಿ ಬಿದ್ದಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆ, ವಿಶ್ವೇಶ್ವರಯ್ಯನವರು ದಿವಾನರು. ಬೆಂಗಳೂರಿನಲ್ಲಿ ೧೯೦೯ರಲ್ಲಿ ಸ್ಥಾಪಿತವಾಗಿದ್ದ, ಜನರು ತಾತಾ ಇನ್‌ಸ್ಟಿಟ್ಯೂಟ್ ಎಂದು ಕರೆಯುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೊ, ವಾಟ್ಸನ್ ಎಂಬ ರಸಾಯನಜ್ಞರು ಇಲ್ಲಿಯೇ ಗಂಧದೆಣ್ಣೆಯನ್ನು ಬಟ್ಟಿಯಿಳಿಸುವ ಕ್ರಮವನ್ನು ಸಿದ್ಧಪಡಿಸಿದರು. ೧೯೧೬ರಲ್ಲಿ ಎಣ್ಣೆಯ ಉದ್ಯಮವು ಆರಂಭವಾಯಿತು.

ಎಣ್ಣೆಯೇನೋ ಆಯಿತು, ಅದನ್ನು ಸಾಬೂನಿನೊಳಗೆ ಸೇರಿಸಿ, ಬಳಸುವವರೆಗೂ ಪರಿಮಳವು ಕೆಡದಂತೆ ನಿಲ್ಲಿಸುವುದು ಬೇರೊಂದು ವಿದ್ಯೆ. ಅದಕ್ಕಾಗಿ ಸೋಸಲೆ ಗರಳಪುರಿ ಶಾಸ್ತ್ರಿ ಎಂಬ ತರುಣ ರಸಾಯನಜ್ಞರು ಇಂಗ್ಲೆಂಡಿಗೆ ಹೋಗಿ ಸಾಬೂನಿನ ತಯಾರಿಕೆಯನ್ನು ಕಲಿತು ಬಂದರು. ೧೯೧೮ರಲ್ಲಿ ಬೆಂಗಳೂರಿನಲ್ಲಿ ಸರ್ಕಾರದ ಸಾಬೂನು ಕಾರ್ಖಾನೆಯು ನಡೆಯಹತ್ತಿತು. ಜನರು ಅವರನ್ನು ಪ್ರೀತಿಯಿಂದ 'ಸೋಪ್ ಶಾಸ್ತ್ರಿ'ಗಳೆಂದೇ ಕರೆದರು. ವೈದಿಕ ಮನೆತನದ ಹೆಸರಿಗೆ ಸಾಬೂನು ಅಂಟಿಕೊಂಡಿತೆಂದು ಯಾರಾದರೂ ಮೂಗು ಮುರಿದಿದ್ದರೆ ಮುರಿದಿರಲಿ. ಶಾಸ್ತ್ರವೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಉಪಯೋಗವನ್ನು ನಾನು ಬೇಗನೆ ಹೇಳಲಾರೆ. ಮರದ ತುಂಡಿಗೂ ಸಾಬೂನಿನ ಬಿಲ್ಲೆಗೂ ನಡುವೆ ನಿಂತು, ಅಳೆದು, ಕಾಯಿಸಿ, ಕೆಟ್ಟದ್ದನ್ನು ಚೆಲ್ಲಿ, ಮತ್ತೆ ಮಾಡಿದವನೊಬ್ಬನಿದ್ದಾನೆ, ಅವನೇ ರಸಾಯನಜ್ಞ.

ಹೀಗೆಯೇ ಇನ್ನೆರಡು ನಿದರ್ಶನಗಳು. ಎಮ್ಮೆಯ ಹಾಲು ಕೊಬ್ಬಿನಿಂದ ಕೂಡಿದ್ದು, ಎಳೆಮಗುವಿಗೆ ಜೀರ್ಣವಾಗದು. ಅದರಿಂದ ಶಿಶುವಿನ ಆಹಾರದ ಪುಡಿಯನ್ನು ಮಾಡಲಾಗದೆಂದೇ ಪರದೇಶಗಳಲ್ಲಿ ಭಾವನೆಯಿದ್ದಿತು. ೧೯೫೦ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರ ಆಹಾರ ಸಂಶೋಧನಾಲಯದವರು ಆ ದಶಕದಲ್ಲಿಯೇ ಅದಕ್ಕೆ ಕ್ರಮವನ್ನು ಕಂಡುಹಿಡಿದರು. ಗುಜರಾತಿನ ಆಣಂದದಲ್ಲಿ ಅದು ತಯಾರಾಗಿ ದೇಶದ ತೊಟ್ಟಿಲುಗಳಿಗೆ ತಲಪಿತು. ಮತ ಹಾಕಿದಾಗ ನಮ್ಮ ಬೆರಳಿಗೆ ಹಚ್ಚುವ ಅಳಿಸಲಾರದ ಮಸಿಯೂ ಮೈಸೂರಿನದೇ. ೧೯೩೭ರಲ್ಲಿ ಅರಗಿನ ಕಾರ್ಖಾನೆಯಾಗಿ ಹುಟ್ಟಿದ ಸಂಸ್ಥೆಯೊಂದು ೧೯೬೨ರ ಮಹಾಚುನಾವಣೆಯಿಂದ ಅದನ್ನು ಒದಗಿಸುತ್ತ ಬಂದಿದೆ. ಅದರಲ್ಲಿರುವ ಬೆಳ್ಳಿಯ ಲವಣವು ಚರ್ಮಕ್ಕೆ ಹತ್ತಿ, ಬೆಳಕಿಗೆ ಕಪ್ಪಾಗಿ, ಉಗುರು ಬೆಳೆದು ಹೋಗುವವರೆಗೂ ಬಿಡುವುದಿಲ್ಲ. ಇಂತಹ ಕೆಲಸಗಳಲ್ಲಿ ದುಡಿದವರ ಹೆಸರನ್ನು ಪೆಟ್ಟಿಗೆಯ ಮೇಲೆ ಯಾರೂ ಅಚ್ಚು ಮಾಡಿಸುವುದಿಲ್ಲ. ಕೀರ್ತಿಗಾಗಿ ಈ ದಾರಿಗೆ ಬರತಕ್ಕವರು ಇದನ್ನು ಮೊದಲೇ ತಿಳಿದಿರುವುದು ಲೇಸು.

ಈಗ ಹೊಟ್ಟೆಯ ವಿಚಾರ. ಈ ಕಸುಬಿಗೆ ಮೂರು ಮೆಟ್ಟಿಲುಗಳಿವೆ. ಯಾವ ಮೆಟ್ಟಿಲಿನಲ್ಲಿ ನಿಂತರೆ ಎಷ್ಟು ಕಾಣುವುದೆಂದು ತಿಳಿಯದೆ ಹತ್ತಿದವರೇ ಮುಂದೆ ಪಶ್ಚಾತ್ತಾಪಪಡುವರು.

ಮೊದಲನೆಯದು ಬಿ.ಎಸ್ಸಿ. ಇದನ್ನು ಮುಗಿಸಿದವರಿಗೆ ಔಷಧ, ಬಣ್ಣ, ಸಾಬೂನು, ಆಹಾರ ಮುಂತಾದ ಕಾರ್ಖಾನೆಗಳ ಗುಣಪರೀಕ್ಷೆಯ ವಿಭಾಗದಲ್ಲಿ ಕೆಲಸ ಸಿಕ್ಕುವುದು. ಮಾತ್ರೆಗಳ ಒಂದು ಕಂತು ಸಿದ್ಧವಾಯಿತೆನ್ನೋಣ. ಅದರಲ್ಲಿ ಕೆಲವನ್ನು ತೆಗೆದು ಪುಡಿಮಾಡಿ, ತೂಗಿ, ದ್ರವದಲ್ಲಿ ಕರಗಿಸಿ, ಸೋಸಿ, ಸೂಕ್ಷ್ಮವಾದ ಪುಡಿಯನ್ನು ಗಿಡಿದ ಉಕ್ಕಿನ ಕೊಳವೆಯೊಳಗೆ ಭಾರಿ ಒತ್ತಡದಿಂದ ಹಾಯಿಸುವರು. ಬೆರೆತಿದ್ದ ಪದಾರ್ಥಗಳು ಒಂದೊಂದು ಹೊತ್ತಿಗೆ ಒಂದೊಂದಾಗಿ ಹೊರಬೀಳುವುವು. ಯಂತ್ರವು ಅವುಗಳನ್ನು ಗೋಪುರಗಳಂತೆ ಗೆರೆಯೆಳೆದು ತೋರಿಸುವುದು. ಯಾವ ಗೋಪುರ ಯಾವ ಪದಾರ್ಥದ್ದು, ಎಷ್ಟು ಎತ್ತರ, ಇರಬಾರದ ಗೋಪುರವೇನಾದರೂ ತಲೆಯೆತ್ತಿದೆಯೆ ಎಂದು ನೋಡಿ ಬರೆಯುವುದು ನಮ್ಮ ತರುಣ ರಸಾಯನಜ್ಞನ ಕೆಲಸ. ದಿನವೂ ಇದೇ, ಹಗಲು ಪಾಳಿ, ರಾತ್ರಿ ಪಾಳಿ. ಆರಂಭದ ಸಂಬಳವು ಕಂಪ್ಯೂಟರ್ ಹುಡುಗರದಕ್ಕಿಂತ ಸಾಮಾನ್ಯವಾಗಿ ಕಡಮೆಯೇ. ಇದನ್ನು ಮರೆಮಾಚಿ ಹೇಳುವವರು ಹಿತೈಷಿಗಳಲ್ಲ.

ಬೇಸರದ ಕೆಲಸವೆಂದು ತೋರುವ ಆ ಸಹಿಯ ಬೆಲೆ ಎಷ್ಟೆಂಬುದನ್ನೂ ಹೇಳಬೇಕು. ೧೯೩೭ರಲ್ಲಿ ಅಮೆರಿಕದ ಕಂಪೆನಿಯೊಂದು ಸಲ್ಫನಿಲಮೈಡ್ ಎಂಬ ಔಷಧವನ್ನು ಮಕ್ಕಳೂ ಕುಡಿಯುವಂತೆ ಸಿಹಿಯಾದ ದ್ರವದಲ್ಲಿ ಮಾಡಿ ಮಾರಿತು. ಔಷಧವನ್ನು ಕರಗಿಸಲು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದ್ರವವನ್ನು ಬಳಸಿದ್ದರು. ಬಣ್ಣ, ರುಚಿ, ವಾಸನೆ ಎಲ್ಲವನ್ನೂ ನೋಡಿದ್ದರು; ಅದು ವಿಷವೇ ಎಂಬುದನ್ನು ಮಾತ್ರ ಪರೀಕ್ಷಿಸಲಿಲ್ಲ. ನೂರಕ್ಕೂ ಮಿಕ್ಕಿ ಜನರು ಸತ್ತರು. ಮರುವರ್ಷವೇ ಆ ದೇಶವು ಹೊಸ ಕಾಯಿದೆಯನ್ನು ಮಾಡಿತು. ಅಷ್ಟಾದರೂ, ೨೦೨೨ರಲ್ಲಿ ಗ್ಯಾಂಬಿಯ ದೇಶದಲ್ಲಿ ಮಕ್ಕಳು ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದಾಗ, ಅಲ್ಲಿ ದೊರೆತ ಕೆಮ್ಮು ನೆಗಡಿಗಳ ಪಾನಕಗಳಲ್ಲಿ ಇದೇ ವಿಷವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು ಜಗತ್ತಿಗೆ ಎಚ್ಚರಿಕೆ ಕೊಡಬೇಕಾಯಿತು. ಎಂಬತ್ತೈದು ವರ್ಷಗಳ ಹಿಂದೆ ಕಲಿತ ಪಾಠವನ್ನು ಯಾರೋ ಒಬ್ಬರು ಪರೀಕ್ಷೆ ಮಾಡದೆ ಬಿಟ್ಟುದರಿಂದ ಮತ್ತೆ ಕಲಿಯಬೇಕಾಯಿತು. ರಾತ್ರಿ ಪಾಳಿಯಲ್ಲಿ ತೂಕಡಿಸುತ್ತ ಕುಳಿತ ಇಪ್ಪತ್ತೆರಡು ವರ್ಷದ ಹುಡುಗಿಯ ಸಹಿಯನ್ನು ನಂಬಿಯೇ ನಮ್ಮ ಮನೆಯ ತಾಯಂದಿರು ಮಗುವಿನ ಬಾಯಿಗೆ ಚಮಚವನ್ನು ಹಿಡಿಯುವರು.

ಎರಡನೆಯ ಮೆಟ್ಟಿಲು ಎಂ.ಎಸ್ಸಿ. ವಿಶ್ವವಿದ್ಯಾನಿಲಯಗಳಲ್ಲಿ ಓದಬಹುದು, 'ಜ್ಯಾಮ್' ಎಂಬ ಪ್ರವೇಶಪರೀಕ್ಷೆಯಲ್ಲಿ ಗೆದ್ದರೆ ಐ.ಐ.ಟಿ.ಗಳಲ್ಲಿಯೂ ಓದಬಹುದು. ಪಿ.ಯು.ಸಿ. ಮುಗಿಸಿದೊಡನೆಯೇ ನೇರವಾಗಿ ಪ್ರವೇಶಿಸತಕ್ಕ ಬಾಗಿಲುಗಳೂ ಇವೆ. ೨೦೦೬ರಲ್ಲಿ ಪುಣೆ, ಕಲ್ಕತ್ತೆಗಳಲ್ಲಿ ಮೊದಲು ಸ್ಥಾಪಿತವಾದ ಐಸರ್ ಸಂಸ್ಥೆಗಳಲ್ಲಿ ಐದು ವರ್ಷದ ಓದು. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ೨೦೧೧ರಿಂದ ನಾಲ್ಕು ವರ್ಷದ ಓದು. ಎಂ.ಎಸ್ಸಿ. ಆದವರಿಗೆ ಕಾರ್ಖಾನೆಗಳ ಸಂಶೋಧನ ವಿಭಾಗವೂ, ಅಧ್ಯಾಪಕವೃತ್ತಿಯೂ, ಸರ್ಕಾರದ ಔಷಧ, ನೀರು, ಅಪರಾಧ ಪರೀಕ್ಷೆಯ ಪ್ರಯೋಗಶಾಲೆಗಳೂ ತೆರೆದಿರುವುವು. ೨೦೦೬ರ ಆಹಾರ ಸುರಕ್ಷತೆಯ ಕಾಯಿದೆಯ ಮೇರೆಗೆ ಆಹಾರ ವಿಶ್ಲೇಷಕರಾಗಬೇಕಾದವರೂ ಹೆಚ್ಚಿನ ಓದು, ಅನುಭವ, ಪ್ರತ್ಯೇಕ ಪರೀಕ್ಷೆಗಳನ್ನು ಮುಗಿಸಿರಬೇಕು.

ಮೂರನೆಯದು ಪಿಎಚ್.ಡಿ. ಇದಕ್ಕೆ ಸಾಧಾರಣವಾಗಿ ಐದು ವರ್ಷಗಳು ಹಿಡಿಯುವುವು. ನೆಟ್ ಪರೀಕ್ಷೆಯಲ್ಲಿ ಗೆದ್ದು ಕಿರಿಯ ಸಂಶೋಧನ ವೇತನವನ್ನು ಪಡೆದವರಿಗೆ ತಿಂಗಳಿಗೆ ೩೭,೦೦೦ ರೂಪಾಯಿಯೆಂದು ೨೦೨೩ರಲ್ಲಿ ನಿಗದಿಯಾಯಿತು. ಆಮೇಲೆಯೂ ಬಹುಮಂದಿ ಹೊರದೇಶಗಳಲ್ಲಿ ಎರಡು ಮೂರು ವರ್ಷ ದುಡಿದು ಬಂದ ಮೇಲೆಯೇ ಸ್ಥಿರವಾದ ಹುದ್ದೆಯನ್ನು ಕಾಣುವರು. ಅಷ್ಟರಲ್ಲಿ ವಯಸ್ಸು ಮೂವತ್ತನ್ನು ದಾಟಿರುವುದು. ಬೆಂಗಳೂರಿನ ಹುಡುಗರಾಗಿ ೧೯೫೧ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಬಿ.ಎಸ್ಸಿ. ಪದವಿಯನ್ನು ಪಡೆದು ೨೦೧೪ರಲ್ಲಿ ಭಾರತರತ್ನವನ್ನು ಧರಿಸಿದ ಸಿ.ಎನ್.ಆರ್. ರಾಯರ ಹೆಸರನ್ನು ಎಲ್ಲರೂ ಬಲ್ಲರು. ಆ ಎರಡು ಇಸವಿಗಳ ನಡುವೆ ಎಷ್ಟು ವರ್ಷಗಳೆಂಬುದನ್ನು ಎಣಿಸಿ ನೋಡುವವರು ಕಡಮೆ.

ನಮ್ಮ ಗೃಹಸ್ಥರ ಮನೆಯಾಕೆಗೆ ಸಂಬಳಕ್ಕಿಂತ ಹೆಚ್ಚಾಗಿ ಎರಡು ಸಂಶಯಗಳಿದ್ದುವು. ಒಂದು, ಇದು ಹೆಣ್ಣುಮಕ್ಕಳಿಗೆ ತಕ್ಕದ್ದೇ ಎಂಬುದು. ಇದಕ್ಕೆ ನಾನು ಹೇಳಿದ ಉತ್ತರವು ಬೆಂಗಳೂರಿನಲ್ಲಿಯೇ ನಡೆದ ಸಂಗತಿ. ೧೯೩೩ರಲ್ಲಿ ಕಮಲಾ ಭಾಗವತ್ ಎಂಬ ತರುಣಿಯು ಮುಂಬಯಿಯಲ್ಲಿ ರಸಾಯನಶಾಸ್ತ್ರದ ಪದವಿಯನ್ನು ಪಡೆದು, ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆಗೆ ಅರ್ಜಿ ಕಳುಹಿಸಿದಳು. ಆಕೆಯ ತಂದೆಯೂ ಚಿಕ್ಕಪ್ಪನೂ ಅಲ್ಲಿಯೇ ಓದಿದ ರಸಾಯನಜ್ಞರು. ಆಗ ಅಲ್ಲಿಯ ನಿರ್ದೇಶಕರಾಗಿದ್ದವರು ಸರ್ ಸಿ.ವಿ. ರಾಮನ್ನರು. ಹೆಣ್ಣೆಂಬ ಕಾರಣದಿಂದ ಅರ್ಜಿ ತಿರಸ್ಕೃತವಾಯಿತು. ಆಕೆ ಬೆಂಗಳೂರಿಗೇ ಬಂದು, ಕಾರಣವೇನೆಂದು ಎದುರಿಗೆ ನಿಂತು ಕೇಳಿ, ಸತ್ಯಾಗ್ರಹ ಹೂಡಿದಳು. ಕಡೆಗೆ ನಿಬಂಧನೆಗಳೊಡನೆ ಪ್ರವೇಶ ದೊರೆಯಿತು: ಮೊದಲ ವರ್ಷ ಪರೀಕ್ಷಾರ್ಥವಾಗಿ ಮಾತ್ರ, ಗುರುಗಳು ಹೇಳಿದಾಗ ರಾತ್ರಿಯಾದರೂ ಕೆಲಸ ಮಾಡಬೇಕು, ಇತರರ ಮನಸ್ಸನ್ನು ಕೆಡಿಸಬಾರದು! ಆಕೆ ಅವಮಾನವನ್ನು ನುಂಗಿಕೊಂಡು ಶ್ರೀನಿವಾಸಯ್ಯನವರೆಂಬ ಗುರುಗಳ ಕೈಕೆಳಗೆ ಹಾಲು, ಬೇಳೆಕಾಳುಗಳ ಪ್ರೋಟೀನುಗಳನ್ನು ಕುರಿತು ದುಡಿದಳು. ವರ್ಷ ಕಳೆಯಲು ರಾಮನ್ನರಿಗೂ ತೃಪ್ತಿಯಾಗಿ, ಇತರ ಹೆಣ್ಣುಮಕ್ಕಳಿಗೂ ಆ ಬಾಗಿಲು ತೆರೆಯಿತು. ಮುಂದೆ ಆಕೆ ಕೇಂಬ್ರಿಜ್ಜಿಗೆ ಹೋಗಿ ೧೯೩೯ರಲ್ಲಿ ಡಾಕ್ಟರ್ ಪದವಿಯನ್ನು ಗಳಿಸಿ ಸ್ವದೇಶಕ್ಕೆ ಮರಳಿದಳು. ಮದುವೆಯಾಗಿ ಕಮಲಾ ಸೊಹೊನಿಯಾದಳು. ಬಡವರ ಆಹಾರವನ್ನೂ ನೀರೆಯ ಪೌಷ್ಟಿಕ ಗುಣವನ್ನೂ ಪರೀಕ್ಷಿಸಿದಳು. ೧೯೯೮ರಲ್ಲಿ ದಿವಂಗತಳಾದಳು. ಸರ್ ರಾಮನ್ನರಂತಹ ಮಹಾವಿಜ್ಞಾನಿಗಳೂ ಈ ವಿಷಯದಲ್ಲಿ ತಪ್ಪಿದರೆಂದ ಮೇಲೆ, ನಾವು ಪಡಸಾಲೆಯ ಪಂಡಿತರು ತೀರ್ಪು ಕೊಡುವ ಮುಂಚೆ ಒಂದು ಗಳಿಗೆ ಯೋಚಿಸಬೇಡವೆ?

ಎರಡನೆಯ ಸಂಶಯ, ಆ್ಯಸಿಡ್ಡು, ವಿಷ, ಬೆಂಕಿಗಳದು. ಈ ಭಯವು ನಿರಾಧಾರವಲ್ಲ. ಅಮೆರಿಕದ ಕ್ಯಾರೆನ್ ವೆಟರ್‌ಹಾನ್ ಎಂಬ ಪ್ರಾಧ್ಯಾಪಕಿಯ ಕೈಗವಸಿನ ಮೇಲೆ ೧೯೯೬ರಲ್ಲಿ ಪಾದರಸದ ಒಂದು ಸಂಯುಕ್ತದ ಕೆಲವೇ ಹನಿಗಳು ಬಿದ್ದುವು. ಕೈಗವಸನ್ನು ಹಾಕಿಕೊಂಡಿದ್ದೇನೆಂದು ಆಕೆಗೆ ಧೈರ್ಯವಿದ್ದಿತು. ಆ ರಬ್ಬರು ಆ ವಿಷವನ್ನು ತಡೆಯಲಾರದೆಂಬುದು ಆಗ ಗೊತ್ತಿರಲಿಲ್ಲ. ೧೯೯೭ರ ಜೂನಿನಲ್ಲಿ ಆಕೆ ತೀರಿಕೊಂಡಳು. ಆ ಮರಣದಿಂದ ಲೋಕದ ಪ್ರಯೋಗಶಾಲೆಗಳ ನಿಯಮಗಳು ಬಿಗಿಯಾದುವು. ಪಾಠಶಾಲೆಯ ಮಕ್ಕಳು ಅಂತಹ ಘೋರಪದಾರ್ಥವನ್ನು ಮುಟ್ಟುವುದಿಲ್ಲ. ಆದರೂ ತಾಯಿತಂದೆಗಳು ಕಾಲೇಜನ್ನು ನೋಡಲು ಹೋದಾಗ ಕಟ್ಟಡದ ಅಂದವನ್ನು ನೋಡುವುದರ ಜೊತೆಗೆ, ಪ್ರಯೋಗಶಾಲೆಯಲ್ಲಿ ಹುಡುಗರು ಕಣ್ಣಿಗೆ ರಕ್ಷೆಯ ಕನ್ನಡಕವನ್ನು ಹಾಕಿಕೊಂಡಿರುವರೆ, ಹೊಗೆಯನ್ನೆಳೆಯುವ ಗೂಡು ಕೆಲಸ ಮಾಡುತ್ತಿದೆಯೆ, ಕಣ್ಣು ತೊಳೆಯುವ ನಲ್ಲಿಯಲ್ಲಿ ನೀರು ಬರುವುದೆ ಎಂದು ಕೇಳಲಿ. ಕೇಳುವುದಕ್ಕೆ ಸಂಕೋಚಪಡಬಾರದು. ಬೇಜವಾಬ್ದಾರಿಯ ಉತ್ತರ ಬಂದರೆ ಬೇರೆ ಕಾಲೇಜನ್ನು ನೋಡಲಿ.

ಇಷ್ಟನ್ನು ಬರೆದ ಮೇಲೆ ನನ್ನದೊಂದು ತಪ್ಪನ್ನೂ ಬರೆಯದಿದ್ದರೆ ಮನಸ್ಸು ಒಪ್ಪುವುದಿಲ್ಲ. ಸುಮಾರು ಮೂವತ್ತು ವರ್ಷಗಳ ಹಿಂದೆ ಬಡಮನೆಯ ಹುಡುಗನೊಬ್ಬನು ನನ್ನ ತರಗತಿಯಲ್ಲಿದ್ದನು. ಸಂಸ್ಕೃತದಲ್ಲಿ ಸಾಧಾರಣ, ವಿಜ್ಞಾನದಲ್ಲಿ ಅಸಾಧಾರಣ. ಹತ್ತನೆಯ ತರಗತಿ ಮುಗಿದಾಗ ರಸಾಯನಶಾಸ್ತ್ರವನ್ನು ಓದಲೇ ಎಂದು ನನ್ನನ್ನು ಕೇಳಿದನು. ನಾನು ಆ ಶಾಸ್ತ್ರವನ್ನು ಅರಿತವನಲ್ಲ, ಯಾರನ್ನೂ ವಿಚಾರಿಸಲಿಲ್ಲ. "ಬೇಡಪ್ಪ, ವಾಣಿಜ್ಯ ಓದು, ಬೇಗ ಕೈಗೆ ಬರುತ್ತೀಯೆ" ಎಂದುಬಿಟ್ಟೆನು. ಅವನು ಹಾಗೆಯೇ ಮಾಡಿದನು; ಬ್ಯಾಂಕಿನಲ್ಲಿ ಉದ್ಯೋಗವಾಯಿತು; ಮನೆ ಕಟ್ಟಿಸಿದನು; ತಂಗಿಯರ ಮದುವೆ ಮಾಡಿದನು. ಹೋದ ವರ್ಷ ಗೃಹಕೃತ್ಯವೊಂದಕ್ಕೆ ಕರೆದಾಗ ಅವನ ಮನೆಗೆ ಹೋಗಿದ್ದೆನು. ಊಟವಾದ ಮೇಲೆ ಹಿತ್ತಿಲಿಗೆ ಕರೆದುಕೊಂಡು ಹೋದನು. ಅಲ್ಲೊಂದು ಪುಟ್ಟ ಕೋಣೆ. ಸಾಲಾಗಿ ಗಾಜಿನ ನಳಿಗೆಗಳು, ಹೆಸರು ಬರೆದಂಟಿಸಿದ ಸೀಸೆಗಳು. ಸುತ್ತಲ ಹಳ್ಳಿಗಳ ಕೊಳವೆಬಾವಿಗಳ ನೀರನ್ನು ತರಿಸಿ, ಗಡಸುತನವೆಷ್ಟು, ಫ್ಲೋರೈಡ್ ಎಷ್ಟು ಎಂದು ನೋಡಿ, ಕೇಳಿದವರಿಗೆ ಚೀಟಿ ಬರೆದುಕೊಡುತ್ತಿರುವನಂತೆ, ಹಣವನ್ನು ತೆಗೆದುಕೊಳ್ಳುವುದಿಲ್ಲ.

"ನನಗೆ ಯಾವ ಕೊರತೆಯೂ ಇಲ್ಲ ಸಾರ್. ನೀವು ಹೇಳಿದ್ದರಿಂದ ಮನೆ ನಿಂತಿತು. ಆದರೆ ಭಾನುವಾರ ಇಲ್ಲಿ ಕುಳಿತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ" ಎಂದನು.

ಅವನ ಮಾತಿನಲ್ಲಿ ದೂರು ಇರಲಿಲ್ಲ. ದೂರಿದ್ದಿದ್ದರೆ ನನಗೆ ಉತ್ತರ ಕೊಡುವುದು ಸುಲಭವಾಗುತ್ತಿದ್ದಿತು. ಅವನ ಮನೆಯ ಸ್ಥಿತಿಯಲ್ಲಿ ನನ್ನ ಸಲಹೆಯು ಸರಿಯಾಗಿಯೂ ಇದ್ದಿರಬಹುದು. ತಪ್ಪೆಂದರೆ, ತಿಳಿಯದೆ ಇದ್ದುದನ್ನು ತಿಳಿದವನಂತೆ ಹೇಳಿದುದು.

ಇನ್ನೊಬ್ಬ ಶಿಷ್ಯೆಯ ಮಾತನ್ನೂ ಇದರ ಪಕ್ಕದಲ್ಲಿಯೇ ಇಡುವುದು ನ್ಯಾಯ. ಆಕೆ ರಸಾಯನಶಾಸ್ತ್ರವನ್ನೇ ಓದಿ ಔಷಧ ಕಾರ್ಖಾನೆಯಲ್ಲಿ ಹನ್ನೆರಡು ವರ್ಷಗಳಿಂದ ದುಡಿಯುತ್ತಿರುವಳು. ಟೆಲಿಫೋನಿನಲ್ಲಿ ವಿಚಾರಿಸಿದಾಗ, "ಸಾರ್, ನೀಲಿ ದ್ರಾವಣ ಕೆಂಪಾಗುವುದನ್ನು ನೋಡಿ ಚಂದವೆಂದು ಬರುವ ಹುಡುಗಿಯಾದರೆ ಬೇಡವೆನ್ನಿ. ಆ ಚಂದ ಮೂರು ತಿಂಗಳಿನದು. ಒಂದೇ ಕೆಲಸವನ್ನು ನೂರು ಸಲ ಮಾಡಿ, ನೂರಒಂದನೆಯ ಸಲ ಬೇರೆ ಉತ್ತರ ಬಂದರೆ ಅದನ್ನು ಅಡಗಿಸದೆ ಬರೆಯುವ ಹುಡುಗಿಯಾದರೆ ಕಳುಹಿಸಿ" ಎಂದಳು. ಅಂಕಪಟ್ಟಿಯಿಂದ ಇದು ತಿಳಿಯುವುದಿಲ್ಲ. ಹಾಗಾದರೆ ತಿಳಿಯುವುದೆಂತು?

ಹದಿನೈದನೆಯ ದಿನ ತಂದೆಮಗಳು ಮತ್ತೆ ಬಂದರು. ನಾನು ಹುಡುಗಿಯನ್ನು, "ಮಗು, ಪುಸ್ತಕದಲ್ಲಿರುವುದನ್ನು ಬಿಡು, ನೀನಾಗಿ ಏನಾದರೂ ಮಾಡಿ ನೋಡಿದ್ದೀಯಾ?" ಎಂದು ಕೇಳಿದೆನು. ಆಕೆ ನಾಚಿಕೊಂಡು ಮನೆಗೆ ಓಡಿಹೋಗಿ ಒಂದು ನೋಟುಪುಸ್ತಕವನ್ನು ತಂದಳು. ಬೇಸಗೆಯ ರಜೆಯಲ್ಲಿ ಮಾಡಿದ್ದಂತೆ: ಕೆಂಪು ದಾಸವಾಳದ ದಳಗಳನ್ನು ಬಿಸಿನೀರಿನಲ್ಲಿ ಕಿವುಚಿ ಬಣ್ಣ ತೆಗೆಯುವುದು, ಒಂದು ಚಮಚ ಬಟ್ಟೆಸೋಡದ ನೀರಿಗೆ ಅದನ್ನು ಹಾಕಿದರೆ ಹಸುರಾಗುವುದು, ಅದಕ್ಕೆ ಹನಿಹನಿಯಾಗಿ ನಿಂಬೆಯ ರಸವನ್ನು ಬಿಡುತ್ತ ಬಂದರೆ ಎಷ್ಟನೆಯ ಹನಿಗೆ ಕೆಂಪಿಗೆ ತಿರುಗುವುದೆಂದು ಎಣಿಸುವುದು. ದಿನಾಂಕದೊಡನೆ ಇಪ್ಪತ್ತಮೂರು ಸಲ ಬರೆದಿದ್ದಳು. ನಲವತ್ತು, ನಲವತ್ತೊಂದು, ಮೂವತ್ತೊಂಬತ್ತು, ಹೀಗೆ. ನಡುವೆ ಒಂದು ದಿನ ಇಪ್ಪತ್ತೊಂಬತ್ತು. ಅದನ್ನು ಹೊಡೆದುಹಾಕಿರಲಿಲ್ಲ. ಪಕ್ಕದಲ್ಲಿ 'ಕಾರಣ ತಿಳಿಯದು' ಎಂದು ಬರೆದಿದ್ದಳು. ನಾಲ್ಕು ದಿನಗಳ ಮೇಲೆ ಬೇರೆ ಮಸಿಯಲ್ಲಿ, 'ಅಮ್ಮ ಬಟ್ಟಲನ್ನು ಹುಣಸೆಹಣ್ಣಿನಿಂದ ತಿಕ್ಕಿದ್ದರು; ನಾನು ಸರಿಯಾಗಿ ತೊಳೆದಿರಲಿಲ್ಲ. ಬೇಕೆಂದೇ ಮತ್ತೆ ಹಾಗೆಯೇ ಮಾಡಿ ನೋಡಿದೆ: ಮೂವತ್ತು' ಎಂದಿದ್ದಿತು.

ನಾನು ಪುಸ್ತಕವನ್ನು ಮುಚ್ಚಿ ತಂದೆಯ ಕೈಗೆ ಕೊಟ್ಟೆನು. ನಾನು ಓದಿದ ರಸಗ್ರಂಥದ ಪಂಡಿತನು ಎಲ್ಲಿಯೋ, ಈ ಹುಡುಗಿ ಎಲ್ಲಿಯೋ. ಆದರೆ ಮಾಡಿ ನೋಡದೆ ಬರೆಯೆನೆಂಬ ಪ್ರತಿಜ್ಞೆಯನ್ನು ಈಕೆ ಯಾರೂ ಹೇಳಿಕೊಡದೆ ಪಾಲಿಸಿದ್ದಳು. "ಸ್ವಾಮಿ, ಇವಳ ವಿಷಯದಲ್ಲಿ ನನಗೆ ಭಯವಿಲ್ಲ. ನಿಮ್ಮ ವಿಷಯದಲ್ಲಿ ಮಾತ್ರ ಎರಡು ಬೇಡಿಕೆಗಳಿವೆ" ಎಂದೆನು.

ಮೊದಲನೆಯದು, ಬಿ.ಎಸ್ಸಿ.ಗೇ ನಿಲ್ಲಿಸಕೂಡದು, ಕಡೆಯ ಪಕ್ಷ ಎಂ.ಎಸ್ಸಿ.ವರೆಗೆ ಐದು ವರ್ಷ ದಾರಿಯನ್ನು ತೆರೆದಿಡಬೇಕು. ಎರಡನೆಯದು, ಆ ಐದು ವರ್ಷಗಳಲ್ಲಿ ಪಕ್ಕದ ಮನೆಯ ಇಂಜಿನಿಯರ್ ಹುಡುಗನ ಸಂಬಳವನ್ನು ಊಟದ ಎಲೆಯ ಮುಂದೆ ಎತ್ತಿ ಆಡಬಾರದು. ಹುಡುಗಿಗೂ ಎರಡು ಮಾತು ಹೇಳಿದೆನು. ಗಣಿತವನ್ನು ಬಿಡಬೇಡ; ತಂದೆಯವರು ಹೇಳುವ ಕಂಪ್ಯೂಟರನ್ನೂ ತಿರಸ್ಕರಿಸಬೇಡ. ೨೦೨೪ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ಪ್ರೋಟೀನುಗಳ ಆಕಾರವನ್ನು ಗಣಕಯಂತ್ರದಿಂದ ಲೆಕ್ಕಹಾಕಿದವರಿಗೇ ಸಂದಿತು. ಇದನ್ನು ಕೇಳಿ ಗೃಹಸ್ಥರು ಮೊದಲ ಸಲ ನಕ್ಕರು. ಎರಡನೆಯ ಮಾತು: ಕೆಲಸಕ್ಕೆ ಸೇರಿದ ಮೇಲೆ ಯಾರಾದರೂ, ಆ ಇಪ್ಪತ್ತೊಂಬತ್ತನ್ನು ನಲವತ್ತೆಂದು ಬರೆದುಬಿಡು, ಸರಕು ಹೊರಡಬೇಕಾಗಿದೆ ಎಂದರೆ ಬರೆಯಬೇಡ.

"ಕೆಲಸ ಹೋದರೆ?" ಎಂದು ತಂದೆಯೇ ಕೇಳಿದರು. ನ್ಯಾಯವಾದ ಪ್ರಶ್ನೆ. ಹೋದರೆ ಹೋಗಲಿ ಎಂದು ಹೇಳುವುದು ಪಿಂಚಣಿ ಬರುವ ನನಗೆ ಸುಲಭ. ಆದುದರಿಂದ, "ಆ ದಿನ ಅವಳು ಮನೆಗೆ ಬಂದರೆ ಬಾಗಿಲು ತೆರೆದಿರಲಿ, ಅಷ್ಟೇ ನಿಮ್ಮ ಪಾಲಿನ ಕೆಲಸ" ಎಂದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ತಲೆಯಾಡಿಸಿದರು.

ಮೊನ್ನೆ ಹುಡುಗಿ ಕಾಲೇಜಿಗೆ ಸೇರಿದಳು. ಅವರ ಮನೆಯಾಕೆ ಸಿಹಿಯನ್ನು ಕಳುಹಿಸಿದ್ದರು. ಬಟ್ಟಲನ್ನು ಹುಣಸೆಹಣ್ಣಿನಿಂದ ತಿಕ್ಕಿಲ್ಲವೆಂದು ಹೇಳಿಕಳುಹಿಸಿದ್ದರು. ಇದೇ ಸಂಧಿಯಲ್ಲಿ ನಿಂತಿರುವ ತಾಯಿತಂದೆಗಳಿಗೆ ನನ್ನ ವಿಜ್ಞಾಪನೆಯಿಷ್ಟೆ: ಮಗನನ್ನಾಗಲಿ ಮಗಳನ್ನಾಗಲಿ ಅಂಕಪಟ್ಟಿಯೊಡನೆ ನನ್ನಂತಹವರ ಬಳಿಗೆ ಕರೆತರುವ ಮುನ್ನ, ಅವರ ಮೇಜಿನ ಸೆಳೆಖಾನೆಯಲ್ಲಿ ಇಂತಹ ಪುಸ್ತಕವೇನಾದರೂ ಇದೆಯೆ ಎಂದು ಕೇಳಿ ನೋಡಿರಿ. ಇದ್ದರೆ ಅದನ್ನು ಮೊದಲಿಂದ ಕಡೆಯವರೆಗೆ ಓದಿರಿ. ಇಲ್ಲದಿದ್ದರೆ ಒಂದು ಬರಿಯ ಪುಸ್ತಕವನ್ನು ತಂದುಕೊಟ್ಟು ಒಂದು ರಜೆ ಕಾದು ನೋಡಿರಿ, ಅವಸರವೇನೂ ಇಲ್ಲ.